ತಿಕೋಟಾದ ಆರು ಗಾದಿಗಳು

೧೯೭೪ರ ಬೇಸಿಗೆಯಲ್ಲಿ ನಾನು ತಿಕೋಟಾದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಅಲ್ಲಿ ಇದ್ದದ್ದು ಆರು ಮಂಚ. ಡಾಕ್ಟರಬಾಯಿ ವಾರಕ್ಕೆ ಎರಡು ದಿನ ಬಿಜಾಪುರದಿಂದ, ಎಂದರೆ ಈಗಿನ ವಿಜಯಪುರದಿಂದ, ಬಸ್ಸಿನಲ್ಲಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ನಾನು ಮತ್ತು ಆಯಾ ಗೌರವ್ವ, ಇಬ್ಬರೇ. ನಿವೃತ್ತಿಯಾದ ಮೇಲೆ ಜನ ನನ್ನನ್ನು ಕಷ್ಟದ ಹೆರಿಗೆಗಳ ಬಗ್ಗೆ ಕೇಳುತ್ತಾರೆ. ಅಂಥವು ಬೇಕಾದಷ್ಟಿವೆ. ಆದರೆ ನನ್ನನ್ನು ಅತಿ ಹೆಚ್ಚು ಕಾಡಿದ್ದು ಹೆರಿಗೆಯಲ್ಲ, ಗಾದಿ.

ಹಳೆಯ ಗಾದಿಗಳು ಹರಿದು ಗಂಟುಗಂಟಾಗಿದ್ದವು. ಹೊಸದು ಬೇಕೆಂದು ನಾನೇ ಬರೆದಿದ್ದೆ. ಮಾರ್ಚ್ ಕೊನೆಗೆ ಒಂದು ಟ್ರಕ್ಕಿನಲ್ಲಿ ಆರು ಫೋಮ್ ಗಾದಿಗಳು ಬಂದವು. ಒಳಗೆ ಸ್ಪಂಜಿನಂಥ ರಬ್ಬರು, ಮೇಲೆ ನೀಲಿ ರೆಕ್ಸಿನ್. ರಕ್ತ, ನೀರು ಏನು ಬಿದ್ದರೂ ಒರೆಸಿದರೆ ಸಾಕು. ನರ್ಸ್ ಆದವಳಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ಗೌರವ್ವ ಒಂದನ್ನು ಅಂಗೈಯಿಂದ ಒತ್ತಿ ಬಿಟ್ಟಳು. ತಗ್ಗು ತಾನಾಗಿಯೇ ಮೇಲೆದ್ದಿತು. ಮತ್ತೆ ಒತ್ತಿದಳು. ಮತ್ತೆ ಎದ್ದಿತು.

"ಬಾಯಾರ, ಇದಕ್ಕ ಜೀವ ಐತ್ರಿ," ಎಂದು ಕೈ ಸೆರಗಿಗೆ ಒರೆಸಿಕೊಂಡಳು.

ಏಪ್ರಿಲ್ ಬಂತು. ನಮ್ಮ ಕಡೆಯ ಏಪ್ರಿಲ್ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಬಿಜ್ಜರಗಿಯ ಬಾಳವ್ವ ಎಂಬ ಮುದುಕಿ ಹಿರಿಸೊಸೆಯ ಹೆರಿಗೆಗೆ ಬಂದಿದ್ದಳು. ಕಣ್ಣು ಮಂಜು, ನಾಲಿಗೆ ಚುರುಕು. ಹೆರಿಗೆಯಾದ ಸೊಸೆಯನ್ನು ಹೊಸ ಗಾದಿಯ ಮೇಲೆ ಮಲಗಿಸಿದೆವು. ಅರ್ಧ ತಾಸಿನಲ್ಲಿ ಅವಳ ಬೆನ್ನು ರೆಕ್ಸಿನ್ನಿಗೆ ಅಂಟಿಕೊಂಡಿತು. ಮೇಲೆ ಹಾಸಿದ ಚಾದರ ಜಾರಿ ಕಾಲ ಬುಡಕ್ಕೆ ಮುದ್ದೆಯಾಗಿ ಬಿದ್ದಿತ್ತು.

ಬಾಳವ್ವ ಗಾದಿಯನ್ನು ಮುಟ್ಟಿ ನೋಡಿದಳು. "ನರ್ಸಬಾಯಾರ, ಇದು ಗಾದಿ ಅಲ್ರಿ, ಹಂಚು. ಬಾಣಂತೀನ್ನ ರೊಟ್ಟಿ ಸುಟ್ಟಂಗ ಸುಡಾಕತ್ತೀರಿ ನೀವು," ಎಂದವಳೇ ಸೊಸೆಯನ್ನೂ ಕೂಸನ್ನೂ ಕೆಳಗಿಳಿಸಿ, ಮಂಚದ ಅಡಿ ನೆಲಕ್ಕೆ ಹಾಸಿದ ತಂಪು ಪರಸಿ ಕಲ್ಲಿನ ಮೇಲೆ ಕೌದಿ ಹಾಸಿ ಮಲಗಿಸಿಬಿಟ್ಟಳು.

ಒಬ್ಬರು ಇಳಿದದ್ದನ್ನು ನೋಡಿ ಉಳಿದವರೂ ಇಳಿದರು. ನಾನು ಬೈದು ಮೇಲೆ ಮಲಗಿಸುತ್ತಿದ್ದೆ. ಬೆನ್ನು ತಿರುಗಿಸಿದ ಕೂಡಲೇ ಇಳಿಯುತ್ತಿದ್ದರು. ಕಡೆಗೆ ಬಗ್ಗಿ ಬಗ್ಗಿ ಮಂಚದ ಕೆಳಗೇ ನಾಡಿ ಹಿಡಿಯುವುದು ನನಗೂ ರೂಢಿಯಾಯಿತು.

ಇಂಥ ಒಂದು ಮಧ್ಯಾಹ್ನ ತಪಾಸಣೆಯ ಸಾಹೇಬರು ಬಂದರು. ಆಸ್ಪತ್ರೆಗೆ ಎಷ್ಟು ಹಾಸಿಗೆ ಬೇಕೆಂದು ನಿರ್ಧರಿಸುವವರು ಅವರೇ. ಬಾಗಿಲಲ್ಲಿ ನಿಂತು ನೋಡಿದರು: ಆರೂ ಗಾದಿ ನೀಲಿಯಾಗಿ ಮಿಂಚುತ್ತಿದ್ದವು, ಒಂದರ ಮೇಲೂ ಮನುಷ್ಯರಿಲ್ಲ. ಪುಸ್ತಕ ತೆಗೆದು "ಆರು ಖಾಲಿ" ಎಂದು ಬರೆಯುತ್ತಿದ್ದಾಗ ಅವರ ಕಾಲ ಬಳಿಯಿಂದಲೇ ಒಂದು ಕೂಸು ಅತ್ತಿತು. ಸಾಹೇಬರು ಎರಡು ಹೆಜ್ಜೆ ಹಿಂದೆ ಹಾರಿದರು.

ನಾನು ಎಲ್ಲವನ್ನೂ ವಿವರಿಸಿದೆ. ಅವರು ಸಿಟ್ಟಿನವರಲ್ಲ, ಆದರೆ ಕಾಗದದ ಮನುಷ್ಯ. "ಸಿಸ್ಟರ್, ನನ್ನ ಫಾರ್ಮಿನಾಗ ಬೆಡ್ ಅಂತ ಐತಿ, ನೆಲ ಅಂತ ಇಲ್ಲ. ಮುಂದಿನ ತಿಂಗಳ ಮತ್ತ ಬರ್ತೀನಿ. ಆಗೂ ಹಿಂಗ ಇದ್ರ ಎರಡು ಬೆಡ್ ಇಟ್ಟು ನಾಕು ತಗೀಬೇಕಾಕ್ಕೈತಿ," ಎಂದು ಹೊರಟುಹೋದರು.

ನಾಲ್ಕು ಮಂಚ ಹೋದರೆ ಉಳಿದವರು ಬಿಜಾಪುರಕ್ಕೆ ಹೋಗಬೇಕು. ಹೋದ ವರ್ಷ ಹಾಗೆ ಹೊರಟ ಒಬ್ಬಳು ದಾರಿಯಲ್ಲೇ, ಬಸ್ಸಿನ ಹಿಂದಿನ ಸೀಟಿನಲ್ಲಿ ಹೆತ್ತಿದ್ದಳು. ಆ ಬಸ್ಸಿನಲ್ಲಿ ನಾನೂ ಇದ್ದೆ. ತಾಯಿ, ಕೂಸು ಬದುಕಿದ್ದು ಪುಣ್ಯ. ಆ ದಿನದ ನೆನಪಿಗೆ ನನಗೆ ನಿದ್ದೆ ಹಾರಿಹೋಯಿತು.

ಡಾಕ್ಟರಬಾಯಿಗೆ ಹೇಳಿದಾಗ ಅವರು, "ಯಾವ ಗಾದಿ ಬೇಕು ಅನ್ನೂದು ನೀವ ನಿರ್ಧಾರ ಮಾಡ್ರಿ, ನಾ ಸಹಿ ಹಾಕ್ತೀನಿ," ಎಂದರು. ರಬ್ಬರು ಬೇಡ ಎನ್ನುವುದು ಖಚಿತವಾಗಿತ್ತು. ನೆಲದಲ್ಲಿ ಬೆಳೆಯುವುದು, ಇಲ್ಲವೇ ಪ್ರಾಣಿಯ ಮೈಮೇಲೆ ಬೆಳೆಯುವುದು, ಇವುಗಳಲ್ಲೇ ಏನಾದರೂ ಹುಡುಕಬೇಕಿತ್ತು.

ಮೊದಲು ತೆಂಗಿನ ನಾರಿನ ಗಾದಿ ತರಿಸಿದೆ. ಗಾಳಿಯಾಡುತ್ತದೆ, ಕುಗ್ಗುವುದಿಲ್ಲ, ಎಲ್ಲ ಸರಿ. ಆದರೆ ನಾರು ಬಟ್ಟೆಯನ್ನು ದಾಟಿ ಬಂದು ಚುಚ್ಚುತ್ತಿತ್ತು. ಪರೀಕ್ಷೆಗೆ ಮಲಗಿದ್ದ ಗೌರವ್ವ ಎದ್ದು, ಎರಡು ದಿನ ಬೆನ್ನು ಕೆರೆದುಕೊಳ್ಳುತ್ತ ಓಡಾಡಿದಳು. ಎರಡನೆಯದು ಉಣ್ಣೆ. ಮಮದಾಪುರದ ಕುರಿಗಾರರಿಂದ ತರಿಸಿ ತುಂಬಿಸಿದೆ. ಮೆತ್ತಗಿತ್ತು, ಒಪ್ಪುತ್ತೇನೆ. ಆದರೆ ಉಣ್ಣೆಯನ್ನು ಚೆನ್ನಾಗಿ ತೊಳೆದಿರಲಿಲ್ಲವೆಂದು ಕಾಣುತ್ತದೆ. ಬಿಸಿಲೇರಿದಂತೆ ವಾರ್ಡಿನಲ್ಲಿ ಹಟ್ಟಿಯ ವಾಸನೆ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲಿಂದಲೋ ಒಂದು ಕುರಿಮರಿ ಬಂದು, ಬಾಗಿಲಲ್ಲಿ ನಿಂತು ಗಾದಿಯ ಕಡೆ ಮುಖ ಮಾಡಿ ಒದರತೊಡಗಿತು. ಗೌರವ್ವ, "ಅದರವ್ವ ಇದರಾಗ ಇಲ್ಲ ಅಂತ ಯಾರು ತಿಳಿಸಿ ಹೇಳವ್ರು?" ಎಂದಳು. ಉಣ್ಣೆಯ ಗಾದಿಯೂ ಹೊರಗೆ ಹೋಯಿತು.

ಉಳಿದದ್ದು ಹತ್ತಿ. ಅದು ಎಲ್ಲಕ್ಕಿಂತ ಮೊದಲೇ ಹೊಳೆಯಬೇಕಿತ್ತು. ಆದರೆ ಹತ್ತಿ ನೀರು ಕುಡಿಯುತ್ತದೆ. ಬಾಣಂತಿಯರ ವಾರ್ಡಿಗೆ ಅದು ಆಗದು ಎಂದೇ ನಾನು ತರಬೇತಿಯಲ್ಲಿ ಕಲಿತಿದ್ದೆ. ಬಿಜಾಪುರದಿಂದ ಮಕ್ತುಮಸಾಬ ಎಂಬ ಹಿರಿಯ ಪಿಂಜಾರರನ್ನು ಕರೆಸಿದೆ. ಹತ್ತಿ ಹಿಂಜಿ ಗಾದಿ ತುಂಬುವುದು ಅವರ ಮನೆತನದ ಕಸುಬು. ಅವರು ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೆ ಆನಿಸಿಟ್ಟು, ಕೆಲಸಕ್ಕೆ ಕೈ ಹಾಕುವ ಮೊದಲು ಪ್ರಶ್ನೆ ಕೇಳತೊಡಗಿದರು. ಮಲಗುವವರು ಎಷ್ಟು ದಿನ ಇರುತ್ತಾರೆ? ಕೂಸಿಗೆ ಹಾಲು ಕೊಡುವಾಗ ಎದ್ದು ಕೂರುತ್ತಾರೋ, ಮಗ್ಗುಲಾಗುತ್ತಾರೋ? ಒದ್ದೆಯಾಗುವುದು ಎಲ್ಲಿ?

"ಒದ್ದಿ ಆಗೂದು ನಡಬರಕ," ಎಂದೆ.

"ಹಂಗಾರ ಇಡೀ ಗಾದಿ ಯಾಕ ಒಣಗಸ್ತೀರಿ? ಮೂರು ತುಂಡು ಮಾಡೋಣು. ತಲಿಗೊಂದು, ನಡಕ್ಕೊಂದು, ಕಾಲಿಗೊಂದು. ನಡುವಿಂದು ಕೆಟ್ಟರ ಅದೊಂದ ತಗದು ಬಿಸಲಿಗೆ ಹಾಕ್ರಿ. ನಡುವಿನವು ಮಾತ್ರ ನಾಕು ಜಾಸ್ತಿ ಮಾಡಿ ಕೊಡ್ತೀನಿ."

ನನ್ನ ನರ್ಸಿಂಗ್ ಪುಸ್ತಕದಲ್ಲಿ ಈ ಮಾತು ಇರಲಿಲ್ಲ. ನಡುವಿನ ತುಂಡಿನ ಮೇಲೆ ಮ್ಯಾಕಿಂಟಾಷ್, ಎಂದರೆ ನೀರು ಇಳಿಯದ ಸಣ್ಣ ರಬ್ಬರು ಹಾಳೆ, ಅದರ ಮೇಲೆ ದಪ್ಪ ಹತ್ತಿಬಟ್ಟೆ ಹಾಸಿದರೆ ನನ್ನ ಭಯವೂ ತೀರುತ್ತಿತ್ತು. ಇನ್ನಷ್ಟು ಹತ್ತಿ ತುಂಬಿ ಎಂದು ನಾನು ಹೇಳಿದ್ದಕ್ಕೆ ಮಾತ್ರ ಅವರು ಒಪ್ಪಲಿಲ್ಲ. "ಭಾಳ ತುಂಬಿದ್ರ ಹಲಗಿ ಆಕ್ಕೈತ್ರಿ ಬಾಯಾರ. ಒಳಗ ಗಾಳಿಗೂ ಜಾಗಾ ಬೇಕು." ಆರು ದಿನ ಆಸ್ಪತ್ರೆಯ ಹಿತ್ತಲಲ್ಲಿ ಬಿಲ್ಲಿನ ಸದ್ದು ಕೇಳಿತು. ಮೊದಲ ಗಾದಿಯ ಮೇಲೆ ಗೌರವ್ವನನ್ನು ಮಲಗಿಸಿ, "ಹೆಂಗೈತಿ?" ಎಂದೆ. ಆಕೆ ನಿದ್ದೆ ಹೋಗಿದ್ದಳು.

ಮೇ ಕೊನೆಗೆ ಸಾಹೇಬರು ಮತ್ತೆ ಬಂದರು. ಬಬಲೇಶ್ವರದ ಕಡೆ ತಪಾಸಣೆ ಮುಗಿಸಿ, ಜೀಪಿನಲ್ಲಿ ಕುಲುಕಿ ಕುಲುಕಿ, ಸೊಂಟ ಹಿಡಿದುಕೊಂಡೇ ಇಳಿದರು. ವಾರ್ಡಿನ ಐದು ಮಂಚಗಳ ಮೇಲೆ ಐವರು ಬಾಣಂತಿಯರು ನಿದ್ದೆಯಲ್ಲಿದ್ದರು. ಅವರಲ್ಲೊಬ್ಬಳು ಬಾಳವ್ವನ ಕಿರಿಸೊಸೆ. ಸ್ವಲ್ಪ ಹೊತ್ತಿನ ಮುಂಚಿನವರೆಗೆ ಅವಳು, ಸೆಕೆಗೆಂದು ವಾರ್ಡಿನಿಂದ ಪಡಸಾಲೆಗೆ ಸರಿಸಿ ಪರದೆ ಕಟ್ಟಿದ್ದ ಆರನೆಯ ಮಂಚದಲ್ಲಿದ್ದಳು. ಒಳಗೊಂದು ಮಂಚ ತೆರವಾದದ್ದರಿಂದ ಆಗಷ್ಟೇ ಒಳಗೆ ತಂದಿದ್ದೆ.

ಸಾಹೇಬರಿಗೆ ಅನುಮಾನ. "ನಾ ಬರ್ತೀನಂತ ಮಕ್ಕೊಳಿಸೀರೋ ಏನು?"

"ಪಡಸಾಲ್ಯಾಗ ಒಂದು ಖಾಲಿ ಐತ್ರಿ. ನೀವ ಒಮ್ಮೆ ಮಕ್ಕೊಂಡು ನೋಡ್ರಲಾ," ಎಂದೆ.

ಸೊಂಟ ನೋಯದಿದ್ದರೆ ಅವರು ಒಪ್ಪುತ್ತಿರಲಿಲ್ಲವೇನೋ. ಬೂಟು ಕಳಚಿ, ಐದೇ ನಿಮಿಷ ಎಂದು ಮಲಗಿದರು. ನೊಣದ ಕಾಟಕ್ಕೆ ಚಾದರವನ್ನು ಮುಖದವರೆಗೆ ಎಳೆದುಕೊಂಡರು. ಅಷ್ಟರಲ್ಲಿ ಹೊಸ ಹೆರಿಗೆ ಬಂತು. ನಾನೂ ಗೌರವ್ವನೂ ಒಳಗೆ ಓಡಿದೆವು, ಸಾಹೇಬರು ಮರೆತೇಹೋದರು.

ಒಂದೂವರೆ ತಾಸಿನ ಮೇಲೆ ಪಡಸಾಲೆಯಿಂದ ಮೆಲ್ಲನೆಯ ದನಿ ಬಂತು. "ಸಿಸ್ಟರ್, ಸ್ವಲ್ಪ ಇಲ್ಲಿ ಬರ್ರಿ. ನಿಧಾನಕ ಬರ್ರಿ."

ಹೋಗಿ ನೋಡಿದರೆ ಸಾಹೇಬರು ಕಟ್ಟಿಗೆಯಂತೆ ಸೆಟೆದು ಮಲಗಿದ್ದಾರೆ. ಅವರ ಕಂಕುಳಲ್ಲಿ ಎಣ್ಣೆ ಹಚ್ಚಿ ಎರೆದ, ಕಾಡಿಗೆ ಇಟ್ಟ ಒಂದು ಕೂಸು ಅಂಗಿಯ ಗುಂಡಿಯನ್ನು ಬಾಯಿಂದ ಹುಡುಕುತ್ತಿದೆ. ಕಾಲ ಬಳಿ ಬಾಳವ್ವ ಕೂತು ಅವರ ಪಾದ ಒತ್ತುತ್ತಿದ್ದಾಳೆ. ಕೂಸನ್ನು ಎರೆಯಲು ಹಿತ್ತಲಿಗೆ ಒಯ್ದಿದ್ದ ಆ ಮಂಜುಗಣ್ಣಿನ ಮುದುಕಿಗೆ ಸೊಸೆಯನ್ನು ಒಳಗೆ ತಂದದ್ದು ಗೊತ್ತೇ ಇರಲಿಲ್ಲ.

"ಕೂಸು ಹಸದೈತಿ, ಎದಿಗೆ ಹಾಕ್ಕೊ ಅಂದ್ರ ಕೇಳವಲ್ಲಳ್ರಿ ಈಕಿ," ಎಂದು ಬಾಳವ್ವ ನನಗೆ ದೂರು ಹೇಳಿದಳು. "ಕಾಲ ನೋಡ್ರಿ, ಎಷ್ಟು ಬಾತಾವು."

ಕೂಸನ್ನು ಎತ್ತಿಕೊಂಡು ಒಳಗೆ ಓಡಿದೆ. ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಳ್ಳಬೇಕಾಯಿತು. ಹೊರಗೆ ಬಂದಾಗ ಸಾಹೇಬರು ಕ್ರಾಪು ಸರಿಮಾಡಿಕೊಂಡು, ಬೂಟು ಹಾಕಿ, ಫಾರ್ಮ್ ತುಂಬುತ್ತಿದ್ದರು. ಇಣುಕಿದೆ. ಭರ್ತಿಯಾದ ಹಾಸಿಗೆಗಳು: ಆರು.

"ಸಾಹೇಬ್ರ, ಒಂದು ಖಾಲಿ ಇತ್ತಲ್ರಿ," ಎಂದೆ. ಸುಳ್ಳು ಲೆಕ್ಕ ನನಗೆ ಬೇಡವಾಗಿತ್ತು.

ಅವರು ತಲೆ ಎತ್ತದೆ ಹೇಳಿದರು, "ತಪಾಸಣಿ ಹೊತ್ತಿನ್ಯಾಗ ಖಾಲಿ ಇರಲಿಲ್ಲ. ನಾ ಖುದ್ದು ಇದ್ದೆ."

ಆರು ಮಂಚವೂ ಉಳಿದವು. ನಡೆದದ್ದನ್ನು ಅವರೂ ಎಲ್ಲಿಯೂ ಹೇಳಲಿಲ್ಲ, ಅವರಿರುವವರೆಗೆ ನಾನೂ ಹೇಳಲಿಲ್ಲ.

ತರಬೇತಿಯಲ್ಲಿ ನಮಗೆ ಚಾದರದ ಮೂಲೆಯನ್ನು ಹೇಗೆ ಮಡಿಚಬೇಕು, ಸುಕ್ಕಿಲ್ಲದೆ ಹೇಗೆ ಎಳೆಯಬೇಕು ಎಂದೆಲ್ಲ ಕಲಿಸಿದ್ದರು. ಆ ಹಾಸಿಗೆಯ ಮೇಲೆ ನೀನೊಮ್ಮೆ ಮಲಗಿ ನೋಡು ಎಂದು ಯಾರೂ ಹೇಳಿರಲಿಲ್ಲ. ತಿಕೋಟಾ ಬಿಟ್ಟ ಮೇಲೆ ನಾನು ಎಲ್ಲಿ ವರ್ಗವಾಗಿ ಹೋದರೂ ಮೊದಲ ದಿನ ರೋಗಿಯ ಮಂಚದ ಮೇಲೆ ಒಂದು ಗಳಿಗೆ ಮಲಗುತ್ತಿದ್ದೆ. ಬಬಲೇಶ್ವರದಲ್ಲಿ ಹಾಗೆ ಮಲಗಿದ್ದಾಗ, ಹೊಸ ಸಿಸ್ಟರಿಗೆ ಏನೋ ಆಗಿದೆಯೆಂದು ಅಲ್ಲಿಯ ಆಯಾ ಗಾಬರಿಯಿಂದ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ನಾನು ಏಳಲಿಲ್ಲ. ಮಲಗಿದವರ ಕಣ್ಣಿಗೆ ಆ ವಾರ್ಡು ಹೇಗೆ ಕಾಣುತ್ತದೆಂದು ಇನ್ನೂ ಪೂರ್ತಿ ನೋಡಿ ಮುಗಿದಿರಲಿಲ್ಲ.