ಅವ್ವನನ್ನು ಮೊದಲ ಸಲ ನೋಡಿದ್ದು

ವಿಮಾನ ನಗರದಲ್ಲಿರುವ ನನ್ನ ಮಗಳ ಶಾಲೆಯೊಳಗೆ ಕಾಲಿಟ್ಟಾಗ ಮೇಣದ ಬಣ್ಣದ ವಾಸನೆ ಬಂತು. ನಾನು ಚಿಕ್ಕವಳಿದ್ದಾಗ ಶಾಲೆಯಲ್ಲಿ ನಮ್ಮ ಚಿತ್ರಕಲೆಯ ಟೀಚರು "ಮೊದಲು ನೋಡಿ, ಆಮೇಲೆ ಬರೆಯಿರಿ" ಎಂದು ಮರಾಠಿಯಲ್ಲಿ ಹೇಳುತ್ತಿದ್ದುದು ನೆನಪಾಯಿತು.

ಆ ದಿನಗಳಲ್ಲಿ ಒಂದು ಸಂಜೆ, ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಹಾಗೆಯೇ ನೋಡಿ ಬರೆಯುತ್ತಿದ್ದೆ. ಚಿತ್ರದಲ್ಲಿ ಕುತ್ತಿಗೆಯ ಎರಡೂ ಬದಿ ಒಂದಕ್ಕೊಂದು ಹೊಂದಲೇ ಇಲ್ಲ. ಅಳಿಸಿ ಮತ್ತೆ ನೋಡಿದರೆ, ಒಂದು ಬದಿಯಲ್ಲಿ ನೆಲ್ಲಿಕಾಯಿಯಷ್ಟು ಗಂಟು!

"ಅವ್ವಾ, ಇದೇನದ?"

ಅವಳು ಸೆರಗು ಎಳೆದುಕೊಂಡಳು. "ಭಾಳ ದಿನದಿಂದ ಅದ. ಅಪ್ಪಗ ಹೇಳಬ್ಯಾಡ."

ಮಾರ್ಕೆಟ್ ಯಾರ್ಡಿನ ಕೆಲಸ ಮುಗಿಸಿ ಬಂದ ಅಪ್ಪನಿಗೆ ಚಿತ್ರ ತೋರಿಸಿದೆ. ಅವರು ಚಿತ್ರ ಬಿಟ್ಟು ಅವ್ವನ ಕುತ್ತಿಗೆ ನೋಡಿದರು. "ದಿನಾ ಎದುರಿಗೇ ಕೂತು ಉಣ್ತೀನಿ, ನನಗ ಕಾಣಲೇ ಇಲ್ಲಲ್ಲ!"

ಆಪರೇಷನ್ ಆಯಿತು, ಅವ್ವ ಉಳಿದಳು. "ತಡವಾಗಿದ್ದರೆ ಕಷ್ಟವಿತ್ತು" ಎಂದಿದ್ದರು ಡಾಕ್ಟರು.

ಅದೆಲ್ಲ ಈಗ ಮತ್ತೆ ಕಣ್ಣ ಮುಂದೆ ಬಂತು. ಶಾಲೆಯ ಮೆಟ್ಟಿಲಲ್ಲೇ ನಿಂತು ಅವ್ವನಿಗೆ ಫೋನ್ ಮಾಡಿದೆ.

"ಉಂಡಿಯೇನ?" ಎಂದಳು.