ಯಂತ್ರ ಕಟ್ಟಿಕೊಂಡ ದಿನ

ನನ್ನ ಎದೆ ಇದ್ದಕ್ಕಿದ್ದಂತೆ ಓಡಲು ಶುರುಮಾಡುತ್ತಿತ್ತು. ಕಾಪುವಿನ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವಾಗ, ಬಟ್ಟೆ ಹಿಂಡುವಾಗ, ಯಾವಾಗ ಬೇಕಾದರೂ. ಹತ್ತು ನಿಮಿಷ ಡಬಡಬ ಹೊಡೆದುಕೊಂಡು ತಾನಾಗಿಯೇ ಸುಮ್ಮನಾಗುತ್ತಿತ್ತು. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲದ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಹಾಳಾದ್ದು ಪರಮ ಸಾಧು! ಮೂರು ಸಲ ಇಸಿಜಿ ತೆಗೆದರು, ಮೂರು ಸಲವೂ ನಾರ್ಮಲ್. ಓಡುತ್ತಿರುವಾಗಲೇ ಸಿಕ್ಕಿದರೆ ಮಾತ್ರ ಚಿಕಿತ್ಸೆ ಯಾವುದೆಂದು ಹೇಳಬಹುದು ಎಂದರು ಡಾಕ್ಟರು.

ಮನೆಯಲ್ಲಿ ಚಿಕಿತ್ಸೆ ಆಗಲೇ ನಿಶ್ಚಯವಾಗಿತ್ತು. "ಎಂತದ್ದೂ ಇಲ್ಲ ಮಾರಾಯ್ತಿ, ಗ್ಯಾಸು. ಜೀರಿಗೆ ಕಷಾಯ ಕುಡಿ" ಎಂದರು ನನ್ನ ಗಂಡ. ಅವರಿಗೆ ತಲೆನೋವೂ ಗ್ಯಾಸು, ಬೆನ್ನುನೋವೂ ಗ್ಯಾಸು. ಆ ಶಬ್ದ ಕೇಳಿದರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಎದೆಗೆ ವಯರು ಅಂಟಿಸಿ, ಒಂದು ದಿನದ ಬಡಿತವನ್ನೆಲ್ಲ ದಾಖಲಿಸುವ ಪುಟ್ಟ ಯಂತ್ರವನ್ನು ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸಿದರು. ಏನಾದರೂ ಆದರೆ ಹೊತ್ತು ಸಮೇತ ಬರೆಯಲು ಒಂದು ಚೀಟಿ. "ದಿನಾ ಮಾಡುವ ಕೆಲಸವನ್ನೇ ಮಾಡಿ" ಎಂದು ನರ್ಸ್ ಎರಡೆರಡು ಸಲ ಹೇಳಿದ್ದಳು. ಆದರೆ ಅಜೆಕಾರಿನಿಂದ ಬಂದಿದ್ದ ಗಂಡನ ಅಕ್ಕ ವಯರು ಕಂಡದ್ದೇ ಹೌಹಾರಿದರು. "ಅಯ್ಯೋ ದೇವರೇ! ಇಷ್ಟು ವಯರು ಹಾಕಿದ ಮೇಲೆ ಕೆಲಸ ಎಂತದ್ದು? ಮಲಗು ನೀನು!" ಗಂಜಿಯೂ ಹಾಸಿಗೆಗೇ ಬಂತು. ಮದುವೆಯಾದ ಮೇಲೆ ಅಂಥ ವಿಶ್ರಾಂತಿ ಸಿಕ್ಕಿದ್ದೇ ಇಲ್ಲ. ಸುಳ್ಳು ಯಾಕೆ, ನಾನೂ ಮಲಗಿಬಿಟ್ಟೆ. ವರದಿಯಲ್ಲಿ ಮತ್ತೆ ಬರುವುದೆಂತ, ಮಣ್ಣು? ಎಲ್ಲ ನಾರ್ಮಲ್.

"ನಾನು ಹೇಳಿದೆ ಅಲ್ವಾ" ಎಂದರು ಗಂಡ. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ನನಗೇ ಎಲ್ಲಿ ಭ್ರಾಂತು ಹಿಡಿದಿದೆಯೋ ಎಂಬ ಹೆದರಿಕೆ.

ಎರಡನೆಯ ಸಲ ಯಂತ್ರ ಕಟ್ಟಿಕೊಂಡು ಸೀದಾ ಶಾಲೆಗೆ ಹೋದೆ. ಸಂಜೆ ಬಂದು ಕಂಬಳಿ ಒಗೆದೆ, ತೆಂಗಿನಕಾಯಿ ಸುಲಿಯಲು ನಿಂತೆ. ನಾಲ್ಕನೆಯ ಕಾಯಿಗೆ ಶುರುವಾಯಿತು ನೋಡಿ! ನನಗೆ ಖುಷಿಯೋ ಖುಷಿ. "ಓಡು, ಇವತ್ತು ಚೆನ್ನಾಗಿ ಓಡು" ಎಂದು ಎದೆಗೆ ಬಾಯಿಬಿಟ್ಟೇ ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ಕಣ್ಣಿಗೆ ಕತ್ತಲೆ ಬಂದಂತಾಗಿ ಗೋಡೆಗೆ ಒರಗಿದೆ. ಆಮೇಲೆ ಎಲ್ಲ ಹಗುರವಾಯಿತು. ಚೀಟಿಯಲ್ಲಿ ಬರೆದಿಟ್ಟೆ.

ಮರುದಿನ ಯಂತ್ರ ಕೊಟ್ಟು ಬಂದ ಸ್ವಲ್ಪ ಹೊತ್ತಿಗೇ ಫೋನು: ಕೂಡಲೇ ಬನ್ನಿ. ನಾನು, ಗಂಡ ಇಬ್ಬರೂ ಓಡಿದೆವು. ಡಾಕ್ಟರು ನನ್ನ ಚೀಟಿಯನ್ನು ಗಟ್ಟಿಯಾಗಿ ಓದಿದರು. "'ಐದು ಇಪ್ಪತ್ತು. ಓಟ ನಿಂತಿತು. ಸಮಾಧಾನ.' ಇದು ನೀವೇ ಬರೆದದ್ದಾ ಟೀಚರೇ?"

"ಹೌದು ಸರ್."

ಅವರ ಪೆನ್ನು ಕಾಗದದಲ್ಲಿ ಏರಿಳಿತವೇ ಇಲ್ಲದ ಒಂದು ಗೆರೆಯ ಮೇಲೆ ನಿಂತಿತು. "ಓಟ ನಿಂತದ್ದು ಹೌದು. ಆದರೆ ಮುಂದಿನ ಬಡಿತ ಬರಲೇ ಇಲ್ಲ. ಆರು ಸೆಕೆಂಡು ಹೃದಯವೇ ನಿಂತಿತ್ತು. ಪೇಸ್‌ಮೇಕರ್ ಹಾಕಬೇಕು. ಇವತ್ತು ನಿಮ್ಮನ್ನು ಮನೆಗೆ ಕಳಿಸುವುದಿಲ್ಲ."

"ಅಬ್ಬ, ನಿಂತಿತು" ಎಂದು ನಾನು ಎಷ್ಟು ಸಲ ದೇವರಿಗೆ ಕೈಮುಗಿದಿದ್ದೆನೋ!

ರೋಗ ಸಿಕ್ಕಿದ ದಿನ ಗಂಡನಿಗೆ ಸರಿಯಾಗಿ ನಾಲ್ಕು ಮಾತು ಕೇಳಿಸಬೇಕೆಂದು ಕೂಡಿಸಿಟ್ಟುಕೊಂಡಿದ್ದೆ. ತಿರುಗಿ ನೋಡಿದರೆ ಅವರು ಗೋಡೆಯ ಗಡಿಯಾರದ ಸೆಕೆಂಡು ಮುಳ್ಳನ್ನೇ ನೋಡುತ್ತಿದ್ದರು. ತುಟಿ ಅಲುಗುತ್ತಿತ್ತು. ಒಂದು, ಎರಡು, ಮೂರು. ಆರಕ್ಕೆ ಮುಟ್ಟಲು ಅವರಿಂದ ಆಗಲಿಲ್ಲ. ನಾಲ್ಕಕ್ಕೇ ನನ್ನ ಕೈ ಹಿಡಿದುಕೊಂಡುಬಿಟ್ಟರು.