ಮಲ್ಪೆಯ ಕಡಲಿನಲ್ಲಿ ಮೌನ ಪಾಲಿಸಿದ ಕುರಿತು

ಮಾನ್ಯ ಓದುಗರೇ, ದೋಣಿಯ ಹಲಗೆಯ ಮೇಲೆ ಕುಳಿತು ಬರೆಯುತ್ತಿರುವುದರಿಂದ ಅಕ್ಷರಗಳು ಅಂಕುಡೊಂಕಾಗಿವೆ. ಕಾಗುಣಿತವೂ ನನಗೆ ಅಷ್ಟಾಗಿ ಒಲಿದಿಲ್ಲ. ದಯಮಾಡಿ ಮನ್ನಿಸಬೇಕು.

ವಿಜಯನಗರದ ಮಂಜು, ಕೆಂಗೇರಿಯ ನಾಗರಾಜ ಹಾಗೂ ನಾನು ಗಾಳ ಹಾಕುವ ಸಲುವಾಗಿ ಮಲ್ಪೆಯಿಂದ ಸಮುದ್ರಕ್ಕೆ ಬಂದಿರುತ್ತೇವೆ. ನಮಗೆ ಕೆರೆಯಲ್ಲಿ ಗಾಳ ಹಾಕುವುದನ್ನು ಕಲಿಸಿದವನು ನಾಗರಾಜ. ಸಮುದ್ರದಲ್ಲಿಯೂ ಮೊದಲ ಮೀನು ತನ್ನದೇ ಎಂದು ಅವನು ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಸಾರಿದ್ದನು. ಕೆರೆಯ ದಡದಲ್ಲಿ ಯಾರೂ ಸದ್ದು ಮಾಡಬಾರದೆಂಬ ನಿಯಮವನ್ನು ಇಲ್ಲಿಯೂ ಜಾರಿಗೊಳಿಸಿದನು. ಬೆಳಗಿನಿಂದ ನಾವು ಪಿಸುಗುಟ್ಟಲೂ ಇಲ್ಲ. ಆದರೂ ಯಾರಿಗೂ ಮೀನು ಸಿಕ್ಕಲಿಲ್ಲ. ನಾಗರಾಜನ ಮುಖ ಬಾಡುತ್ತಾ ಬಂದಿತು.

ಕೊನೆಗೆ ದೋಣಿ ನಡೆಸುವ ಶೇಖರಣ್ಣನವರು ತಡೆಯಲಾರದೆ ಕೇಳಿದರು: "ಎಂತ ಮಾರಾಯ್ರೆ, ನಿಮ್ಮೊಳಗೆ ಜಗಳವಾ?"

ಮಂಜು ಕಾರಣ ತಿಳಿಸಿದನು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೀನಿಗೆ ಅಷ್ಟು ಕಿವಿ ಇದ್ರೆ ನನ್ನ ಇಂಜಿನ್ ಸದ್ದಿಗೇ ಎಲ್ಲ ಓಡಿಹೋಗ್ತಿತ್ತು!"

"ಏನ್ ಗುರು, ಬೆಳಗ್ಗೆಯಿಂದ ಸುಮ್‌ಸುಮ್ನೆ ಬಾಯಿ ಹೊಲ್ಕೊಂಡ್ ಕೂತಿದ್ವಾ?" ಎಂದು ಮಂಜು ಗದರಿದನು.

ಅಷ್ಟರಲ್ಲಿ ನಾಗರಾಜನ ಕೈಯಲ್ಲಿದ್ದ ದಾರ ಬಿಗಿಯತೊಡಗಿತು. "ಹಿಡ್ಕೊಳ್ರೋ ನನ್ನ, ಬಿದ್ದೋಗ್ತೀನಿ!" ಎಂದು ಅವನು ಕಿರುಚಿದ ಸದ್ದಿಗೆ ಪಕ್ಕದ ದೋಣಿಯವರೂ ಎದ್ದು ನಿಂತರು. ನಾವಿಬ್ಬರೂ ಅವನ ಸೊಂಟ ಹಿಡಿದೆವು. ಕೆಂಪನೆಯ ದೊಡ್ಡ ಮೀನೊಂದು ಮೇಲೆ ಬಂದು, ಹಲಗೆಯ ಮೇಲೆ ಬಾಲ ಬಡಿಯಿತು.

ನಾಗರಾಜ ಇನ್ನೂ ಕೂಗುತ್ತಲೇ ಇರುವುದರಿಂದ ಗಮನವಿಟ್ಟು ಬರೆಯಲಾಗುತ್ತಿಲ್ಲ. ತಪ್ಪುಗಳು ಕಂಡುಬಂದಲ್ಲಿ ತಾವೇ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.